ಆಪರೇಷನ್ ಒಂದು ದಿನದ್ದು, ಆರೈಕೆ ಜೀವನವಿಡೀ



ಮೂರು ವರ್ಷಗಳ ಹಿಂದೆ ನಮ್ಮ ವೈದ್ಯಕೀಯ ನೆರವು ನಿಧಿಯಿಂದ ಸಹಾಯ ಪಡೆದವರಲ್ಲಿ ನಾನೂ ಒಬ್ಬ. ನನಗೆ ಆದದ್ದು ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ಭಾಷೆಯಲ್ಲಿ ಬೇರಿಯಾಟ್ರಿಕ್ ಸರ್ಜರಿ. ಈ ಸಲ ಇಂಥವೇ ಎರಡು ಅರ್ಜಿಗಳು ಸಮಿತಿಯ ಮುಂದಿವೆ. "ಹೃದಯಕ್ಕೆ, ಕ್ಯಾನ್ಸರಿಗೆ, ಡಯಾಲಿಸಿಸ್ಸಿಗೆ ಕೊಡೋಣ. ಬೊಜ್ಜು ಕರಗಿಸಲು ಸಂಘದ ಹಣ ಯಾಕೆ? ಊಟ ಕಡಿಮೆ ಮಾಡಿದರೆ ಸಾಲದೇ?" ಎಂದು ಕೆಲವರು ಕೇಳಿದ್ದಾರೆ. ಹಣ ಕೊಡುವವರು ಕೇಳಬೇಕಾದ ಪ್ರಶ್ನೆಯೇ ಇದು. ಈ ಚಿಕಿತ್ಸೆಯನ್ನು ದೇಹದ ಮೇಲೆ ಅನುಭವಿಸಿದವನಾಗಿ ಉತ್ತರಿಸಲು ಪ್ರಯತ್ನಿಸುತ್ತೇನೆ.

ಇದು ಅಂದಚಂದದ ಚಿಕಿತ್ಸೆಯಲ್ಲ

ಊರಿನಿಂದ ಬಂದ ನಮ್ಮಂಥ ಅನೇಕರಂತೆ ನಾನೂ ಹೋಟೆಲಿನಲ್ಲೇ ಬೆಳೆದವನು. ಇಪ್ಪತ್ತೆರಡು ವರ್ಷ ಗಲ್ಲಾದಲ್ಲಿ ಕುಳಿತಿದ್ದೇನೆ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ರಾತ್ರಿಯದು ಹನ್ನೆರಡಕ್ಕೆ. ನಲವತ್ತಾರನೇ ವಯಸ್ಸಿಗೆ ತೂಕ 132 ಕಿಲೋ ಆಗಿತ್ತು, ಎತ್ತರ 168 ಸೆಂಟಿಮೀಟರ್. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ ಸುಮಾರು 47. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ರಕ್ತದೊತ್ತಡಕ್ಕೆ ಎರಡು ಮಾತ್ರೆ. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದುದರಿಂದ ರಾತ್ರಿ ಮುಖಕ್ಕೆ ಸಿಪ್ಯಾಪ್ ಯಂತ್ರ. ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಎರಡು ಕಡೆ ನಿಂತು ದಮ್ಮು ತೆಗೆದುಕೊಳ್ಳಬೇಕಿತ್ತು.

ಊಟ ಕಡಿಮೆ ಮಾಡಿ ಹಲವು ಬಾರಿ ಹತ್ತು, ಹದಿನೈದು ಕಿಲೋ ಇಳಿಸಿದ್ದೆ. ಪ್ರತಿ ಸಲವೂ ಅದು ಮರಳಿ ಬಂತು. ಇದರ ಕಾರಣವನ್ನು ವೈದ್ಯರು ಬಿಡಿಸಿ ಹೇಳಿದರು. ತೂಕ ಇಳಿಯತೊಡಗಿದಾಗ ದೇಹ ಅದನ್ನು ಬರಗಾಲವೆಂದು ತಿಳಿದು ಖರ್ಚು ಮಾಡುವ ಶಕ್ತಿಯನ್ನು ತಗ್ಗಿಸುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಬೊಜ್ಜು ವಿಪರೀತವಾದ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡಷ್ಟಕ್ಕೇ ಈ ಜಗ್ಗಾಟದಲ್ಲಿ ಗೆಲ್ಲುವವರು ಬಹಳ ಕಡಿಮೆ.

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಆದವರನ್ನೂ ಆಗದವರನ್ನೂ ವರ್ಷಗಟ್ಟಲೆ ಗಮನಿಸಿತು. ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು 2007ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿಯೂ ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಸೆಪ್ಟೆಂಬರಿನ ಮಾರ್ಗಸೂಚಿಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಯ ಖರ್ಚನ್ನು ಯಾವಾಗ ನಿರಾಕರಿಸುವಂತಿಲ್ಲ ಎಂಬುದಕ್ಕೆ ಷರತ್ತುಗಳನ್ನು ನಿಗದಿಪಡಿಸಿತು. ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಅಥವಾ ಹೆಚ್ಚು ಇರಬೇಕು. ಬಿಎಂಐ 35 ಇದ್ದರೆ ಅದರ ಜೊತೆಗೆ ಹೃದ್ರೋಗ, ತೀವ್ರ ನಿದ್ರಾ ಉಸಿರಾಟದ ತೊಂದರೆ ಅಥವಾ ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆ ಇದ್ದು, ಉಳಿದ ಉಪಾಯಗಳು ಫಲಿಸದೆ ಹೋಗಿರಬೇಕು. ಹಳೆಯ ಪಾಲಿಸಿ ಇರುವ ಸದಸ್ಯರು ಕಾಯುವ ಅವಧಿ ಎಷ್ಟೆಂದು ಮೊದಲು ಓದಿಕೊಳ್ಳುವುದು ಒಳ್ಳೆಯದು.

ಒಳಗೆ ಏನು ಮಾಡುತ್ತಾರೆ

1966ರಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ತೂಕ ಇಳಿಸಲೆಂದೇ ಮೊದಲ ಬಾರಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಇಂದು ಹೆಚ್ಚಾಗಿ ನಡೆಯುವವು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಇನ್ನೂ ತುಸು ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಗ್ರೆಲಿನ್ ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಅದರೊಂದಿಗೆ ಹೋಗುವುದರಿಂದ ಹಸಿವು ತಗ್ಗುತ್ತದೆ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ. ಸ್ಲೀವಿನಿಂದ ಹುಳಿತೇಗು, ಎದೆಯುರಿ ಹೆಚ್ಚಾಗುವ ಸಂಭವವಿದೆ. ನನಗೆ ಅದು ಮೊದಲೇ ಇತ್ತು, ಸಕ್ಕರೆಯೂ ಇತ್ತು. ಹಾಗಾಗಿ ಬೈಪಾಸ್ ಆಯಿತು.

ಆಪರೇಷನ್ನಿಗೆ ಎರಡು ವಾರ ಮೊದಲೇ ನನಗೆ ದ್ರವಾಹಾರ. ಕೊಬ್ಬು ತುಂಬಿ ಊದಿದ ಯಕೃತ್ತು ಜಠರದ ಮೇಲೆ ಮಲಗಿರುತ್ತದೆ. ಅದು ಸ್ವಲ್ಪ ಕುಗ್ಗಿದರೆ ದುರ್ಬೀನಿನ ಶಸ್ತ್ರಕ್ರಿಯೆಗೆ ಜಾಗ ಸಿಗುತ್ತದೆ. ಆದ ದಿನ ಸಂಜೆಯೇ ವಾರ್ಡಿನಲ್ಲಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಮೂರನೇ ದಿನ ಮನೆಗೆ ಕಳುಹಿಸಿದರು.

ಮೊದಲ ವರ್ಷ

ಎರಡು ವಾರ ತಿಳಿಸಾರು, ನೀರುಮಜ್ಜಿಗೆ, ಬೇಳೆಯ ಕಟ್ಟು. ಆಮೇಲೆ ಅರೆದದ್ದು, ಬಳಿಕ ಮೆತ್ತಗಿನ ಗಂಜಿ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು. ಎರಡು ತಿಂಗಳು ಕಳೆದ ಮೇಲೆ ಸಾಧಾರಣ ಊಟ, ಅದೂ ಒಂದು ಇಡ್ಲಿಯಷ್ಟು. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆಯಾದರೂ ಅಂತರ ಬೇಕು. ಪಾಯಸ, ಹೋಳಿಗೆಯಂಥ ಸಿಹಿ ನೇರ ಕರುಳಿಗಿಳಿದರೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಎಲ್ಲ ಒಟ್ಟಿಗೇ ಬರುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ.

ಒಂದು ವರ್ಷದಲ್ಲಿ 132 ಕಿಲೋ 88ಕ್ಕೆ ಇಳಿಯಿತು. ಇನ್ಸುಲಿನ್ ನಿಂತಿತು. ಸಿಪ್ಯಾಪ್ ಯಂತ್ರ ಈಗ ಕಪಾಟಿನ ಮೇಲಿದೆ. ಇವನ್ನೆಲ್ಲ ನಿಲ್ಲಿಸಿದವರು ವೈದ್ಯರು, ರಕ್ತ ಪರೀಕ್ಷೆಯನ್ನೂ ನಿದ್ರಾ ಪರೀಕ್ಷೆಯನ್ನೂ ನೋಡಿದ ಮೇಲೆ. ಯಾರೂ ತಾವಾಗಿಯೇ ಮಾತ್ರೆ ಬಿಡಬಾರದು.

ಬೇರೆ ಬದಲಾವಣೆಗಳೂ ಬಂದವು. ನಾಲ್ಕನೇ ತಿಂಗಳಲ್ಲಿ ಕೂದಲು ಉದುರಿತು, ತಿಂಗಳುಗಳ ಬಳಿಕ ಮತ್ತೆ ಬಂತು. ಹೊಟ್ಟೆಯ ಮತ್ತು ತೋಳಿನ ಚರ್ಮ ಜೋತುಬಿತ್ತು. ಅದು ಹಾಗೆಯೇ ಉಳಿದಿದೆ, ಮಳೆಗಾಲದಲ್ಲಿ ಮಡಿಕೆಗಳಲ್ಲಿ ತುರಿಕೆ ಏಳುತ್ತದೆ. "ಏನು, ಏನಾದರೂ ದೊಡ್ಡ ಕಾಯಿಲೆಯೇ?" ಎಂದು ಗುರುತಿನವರು ಪಿಸುಗುಟ್ಟಿ ಕೇಳುವುದಿತ್ತು. ದಿನದ ದಣಿವಿಗೆಲ್ಲ ಊಟವೇ ಸಮಾಧಾನವಾಗಿದ್ದವನಿಗೆ ಆ ಸಮಾಧಾನ ಏಕಾಏಕಿ ತಪ್ಪಿದಾಗ ಮನಸ್ಸು ಮಂಕಾಗುತ್ತದೆ. ಆಗ ಮಾತನಾಡಿಸುವವರು ಬೇಕು. ಮೂರನೇ ವರ್ಷಕ್ಕೆ ತೂಕ 93ಕ್ಕೆ ಬಂದು ನಿಂತಿದೆ. ಸ್ವಲ್ಪ ಮರಳಿ ಬರುವುದು ಸಾಮಾನ್ಯವೆಂದು ವೈದ್ಯರು ಮೊದಲೇ ಹೇಳಿದ್ದರು. ನಡಿಗೆ ಬಿಟ್ಟು ಕುರುಕಲು ಹಿಡಿದರೆ ಬಹಳಷ್ಟು ಮರಳಬಹುದು ಎಂದೂ ಹೇಳಿದ್ದರು.

ನಮ್ಮ ಹೋಟೆಲ್ ಬಂಧುಗಳು ಗಮನಿಸಬೇಕಾದ ಎರಡು ಮಾತು. ಬೈಪಾಸ್ ಆದವರಿಗೆ ಮದ್ಯ ಬೇಗ ಮತ್ತು ಹೆಚ್ಚು ಏರುತ್ತದೆ, ಚಟ ಹತ್ತುವ ಅಪಾಯವೂ ಹೆಚ್ಚು. ಮೊಣಕಾಲು ನೋವೆಂದು ಮೆಡಿಕಲ್ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಗುಳಿಗೆ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲದು. ಹೆಣ್ಣುಮಕ್ಕಳು ಆಪರೇಷನ್ ಆಗಿ ವರ್ಷ, ಒಂದೂವರೆ ವರ್ಷದವರೆಗೆ ಗರ್ಭಧಾರಣೆ ಮುಂದೂಡಬೇಕು.

ಲೆಕ್ಕಕ್ಕೆ ಬಾರದ ಖರ್ಚು

ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಇಲ್ಲಿದೆ. ಅರ್ಜಿಯೊಂದಿಗೆ ಬರುವ ಅಂದಾಜು ಪಟ್ಟಿಯಲ್ಲಿ ಆಪರೇಷನ್, ಕೋಣೆ, ಸ್ಟೇಪ್ಲರ್, ಅರಿವಳಿಕೆ ಎಲ್ಲ ಇರುತ್ತವೆ. ವಿಮೆ ಕೊಡುವುದೂ ಸಾಮಾನ್ಯವಾಗಿ ಅಷ್ಟಕ್ಕೇ. ಆಮೇಲಿನ ಬದುಕಿನ ಖರ್ಚು ಆ ಕಾಗದದಲ್ಲಿ ಇರುವುದಿಲ್ಲ. ಬೈಪಾಸ್ ಆದ ದೇಹ ಕಬ್ಬಿಣ, ಕ್ಯಾಲ್ಸಿಯಂ, ಬಿ12, ಡಿ ಜೀವಸತ್ವಗಳನ್ನು ಸರಿಯಾಗಿ ಹೀರಿಕೊಳ್ಳಲಾರದು. ಆ ಮಾತ್ರೆಗಳು ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗುವಂತಿಲ್ಲ, ಎರಡು ಗಂಟೆ ಅಂತರ ಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಇಡ್ಲಿಯಷ್ಟು ಜಾಗದ ಹೊಟ್ಟೆಗೆ ಅದನ್ನು ತುಂಬಿಸಲು ಮೊದಲ ತಿಂಗಳುಗಳಲ್ಲಿ ಪುಡಿಯ ಡಬ್ಬಿ ತರಲೇಬೇಕಾಗುತ್ತದೆ. ಮೊದಲ ವರ್ಷ ಹಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ.

ಬಿ12ರ ವಿಚಾರದಲ್ಲಿ ಮೋಸ ಹೋಗುವುದು ಸುಲಭ. ಯಕೃತ್ತಿನಲ್ಲಿ ಅದರ ದಾಸ್ತಾನು ಇರುವುದರಿಂದ ಮಾತ್ರೆ ಬಿಟ್ಟರೂ ಬಹಳ ಕಾಲ ಏನೂ ಗೊತ್ತಾಗದು. ದಾಸ್ತಾನು ಮುಗಿದ ಮೇಲೆ ಕಾಲು ಜೋಮು, ಮರೆವು, ರಕ್ತಹೀನತೆ. ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು. ತಪಾಸಣೆಯ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ತಾಯಿಯೊಬ್ಬರು ಮಗಳ ಕಾಲೇಜು ಫೀಸಿಗೆಂದು ತಮ್ಮ ಮಾತ್ರೆಯ ಖರ್ಚು ಉಳಿಸಿದವರು. ಗೋಡೆ ಹಿಡಿದು ನಡೆಯುತ್ತಿದ್ದರು. ಅವರ ಆಪರೇಷನ್ ಚೆನ್ನಾಗಿಯೇ ಆಗಿತ್ತು.

ಮುಂಬಯಿಯಲ್ಲಿ ಅನೇಕರು ಈ ಚಿಕಿತ್ಸೆಯ ಹೆಸರು ಕೇಳಿದ್ದು 2017ರಲ್ಲಿ. ಈಜಿಪ್ಟಿನ ಇಮಾನ್ ಅಹ್ಮದ್ ಅವರನ್ನು ಆ ಫೆಬ್ರವರಿಯಲ್ಲಿ ಸರಕು ವಿಮಾನದಲ್ಲಿ ಇಲ್ಲಿಗೆ ಕರೆತಂದು ಚರ್ನಿ ರೋಡಿನ ಸೈಫೀ ಆಸ್ಪತ್ರೆಗೆ ಸೇರಿಸಿದಾಗ ಅವರ ತೂಕ ಸುಮಾರು 500 ಕಿಲೋ ಎಂದು ವರದಿಯಾಗಿತ್ತು. ಮಾರ್ಚ್ 7ರಂದು ಡಾ. ಮುಫಝಲ್ ಲಕ್ಡಾವಾಲಾ ಅವರ ತಂಡ ಸ್ಲೀವ್ ಮಾಡಿತು. ತೂಕವೂ ಬಹಳ ಇಳಿಯಿತು. ಮೇ ತಿಂಗಳಲ್ಲಿ ಅವರನ್ನು ಅಬುಧಾಬಿಗೆ ಒಯ್ದರು. ಸೆಪ್ಟೆಂಬರ್ 25ರಂದು ಹೃದಯ ಮತ್ತು ಮೂತ್ರಪಿಂಡದ ತೊಂದರೆಗಳಿಂದ ಅವರು ಅಲ್ಲಿ ತೀರಿಕೊಂಡರು. ನಮ್ಮ ನಿಮ್ಮ ಪ್ರಕರಣಗಳು ಅಷ್ಟು ವಿಷಮವಲ್ಲ. ಆದರೂ ತೂಕ ಇಳಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯದು ಎಂಬುದು ಎಲ್ಲರಿಗೂ ಅನ್ವಯಿಸುತ್ತದೆ.

ನಾವು ಮಾಡಬಹುದಾದದ್ದು

ಒಂದು, ನಿಧಿಯಿಂದ ಇಂಥ ರೋಗಿಗೆ ಮಂಜೂರಾಗುವ ಮೊತ್ತದಲ್ಲಿ ಒಂದು ಪಾಲನ್ನು ಆಸ್ಪತ್ರೆಗೆ ಕೊಡದೆ ಮುಂದಿನ ಮೂರು ವರ್ಷಗಳ ರಕ್ತ ಪರೀಕ್ಷೆ ಮತ್ತು ಮಾತ್ರೆಗೆ ತೆಗೆದಿರಿಸಬೇಕೆಂದು ಸಮಿತಿಗೆ ವಿನಂತಿಸಿದ್ದೇನೆ. ಬಿಲ್ಲು ತೋರಿಸಿದಂತೆ ಬಿಡುಗಡೆ ಮಾಡಿದರಾಯಿತು. ದಾನಿಗಳು ಒಬ್ಬ ರೋಗಿಯ ಒಂದು ವರ್ಷದ ಆರೈಕೆಯನ್ನು ವಹಿಸಿಕೊಂಡರೂ ದೊಡ್ಡ ಉಪಕಾರ.

ಎರಡು, ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ಮುಂಬಯಿ ಹೈಕೋರ್ಟಿನ 2006ರ ಯೋಜನೆಯಂತೆ ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕಾದಿರಿಸಬೇಕು. ತಹಸೀಲ್ದಾರರ ಆದಾಯ ಪತ್ರ, ರೇಷನ್ ಕಾರ್ಡ್ ಹಿಡಿದು ಆಸ್ಪತ್ರೆಯ ಸಮಾಜಸೇವಕರನ್ನು ಕಾಣಬೇಕು. ಮರಾಠಿ ಬರೆಯಲು ತಿಳಿದ ನಮ್ಮ ಯುವ ಸದಸ್ಯರು ಜೊತೆಗೆ ಹೋದರೆ ಅರ್ಧ ಕೆಲಸ ಆದಂತೆ.

ಮೂರು, ಇದಕ್ಕೆ ಕಾಸೂ ಬೇಡ. ಸಂಘದ ಪೂಜೆಯಲ್ಲೋ ಮದುವೆಯಲ್ಲೋ ಇಂಥವರ ಎಲೆಗೆ "ಇನ್ನೊಂದೇ ಒಂದು" ಎಂದು ಒತ್ತಾಯಿಸಿ ಬಡಿಸಬೇಡಿ. ನಮ್ಮವರ ಉಪಚಾರ ಪ್ರೀತಿಯದೇ. ಅದನ್ನು ಒಂದು ಲೋಟ ಮಜ್ಜಿಗೆಯಲ್ಲಿ, ಎರಡು ಮಾತಿನಲ್ಲಿ ತೋರಿಸಬಹುದು.

ಸಮಿತಿಯ ಮುಂದಿರುವ ಎರಡು ಅರ್ಜಿಗಳಲ್ಲಿ ಒಂದು ಮೂವತ್ತೆಂಟರ ತಾಯಿಯದು, ಇನ್ನೊಂದು ಕ್ಯಾಂಟೀನಿನಲ್ಲಿ ದುಡಿಯುವ ಸಹೋದರನದು. ಬೇಡವೆನ್ನುವುದಾದರೆ ವೈದ್ಯರ ವರದಿ ನೋಡಿ ಬೇಡವೆನ್ನಿ, ಮೈಗಾತ್ರ ನೋಡಿ ಬೇಡವೆನ್ನಬೇಡಿ. ಕೊಡುವುದಾದರೆ ಆಪರೇಷನ್ನಿಗೂ ಅದರ ನಂತರಕ್ಕೂ ಸೇರಿಸಿ ಕೊಡಿ. ನಿಮ್ಮ ದೇಣಿಗೆಯನ್ನು ಸಂಘದ ಕಚೇರಿಯಲ್ಲಿ ವೈದ್ಯಕೀಯ ನೆರವು ನಿಧಿ ಎಂದು ನಮೂದಿಸಿ ರಶೀದಿ ಪಡೆಯಬೇಕಾಗಿ ಪ್ರಾರ್ಥನೆ.