ಡಬ್ಬಿ ಕರಗಲಿಲ್ಲ, ಹಾಗಂತ ಏನೂ ಆಗಿಲ್ವಾ?

2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ಹೋಟೆಲ್, ಗಾಡಿಗಳಿಗೆ ಹೋಗಿ ತಪಾಸಣೆ ಮಾಡಿದಾಗ ಸುಮಾರು 50 ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸ್ತಿದ್ದದ್ದು ಸಿಕ್ಕಿತು. ಸುದ್ದಿ ನೋಡಿದ ಎಲ್ಲರೂ ಹೋಟೆಲಿನವರನ್ನು ಬೈದದ್ದೇ ಬೈದದ್ದು. ಬೈಯಬೇಕಾದ್ದೇ. ಆದ್ರೆ ಕುದಿಯೋ ಸಾಂಬಾರನ್ನ ತೆಳು ಕವರಿಗೆ ಕಟ್ಟಿಸಿಕೊಂಡು ಬರೋದು, ರಾತ್ರಿ ಪಾರ್ಸೆಲ್ ಬಂದ ಕಪ್ಪು ಡಬ್ಬಿಯನ್ನ ಬೆಳಿಗ್ಗೆ ಹಾಗೇ ಮೈಕ್ರೋವೇವ್ ಒಳಗೆ ಇಡೋದು, ಇದೆಲ್ಲ ಹಾಸ್ಟೆಲ್‌ನಲ್ಲಿ ದಿನಾ ನಡೆಯುತ್ತೆ. ಕೇಳಿದ್ರೆ ಬರೋ ಉತ್ತರ ಒಂದೇ: "ಡಬ್ಬಿ ಏನೂ ಕರಗಲಿಲ್ವಲ್ಲ ಮಾರಾಯ!"

ಈ ಉತ್ತರದಲ್ಲೇ ತೊಂದರೆ ಇರೋದು. ಪಾಲಿಮರ್‌ನ ಉದ್ದುದ್ದ ಸರಪಳಿಗಳು ಎದ್ದು ಊಟಕ್ಕೆ ಬರೋದಿಲ್ಲ, ನಿಜ. ಆದರೆ ಆ ಸರಪಳಿಗಳ ನಡುವೆ ಸಣ್ಣ ಅಣುಗಳೂ ಇರುತ್ತವೆ: ಪ್ರತಿಕ್ರಿಯೆ ಮುಗಿಯದೆ ಉಳಿದ ಮಾನೋಮರ್, ತುಂಡು ಸರಪಳಿಗಳು, ಬಾಳಿಕೆ ಬರಲಿ ಅಂತ ಸೇರಿಸಿದ ಆಂಟಿಆಕ್ಸಿಡೆಂಟ್, ಬಣ್ಣ, ಕೆಲವು ಪ್ಲಾಸ್ಟಿಕ್‌ಗಳಲ್ಲಿ ಮೆದುಗೊಳಿಸೋ ಪದಾರ್ಥ. ಇವು ಸರಪಳಿಗೆ ಕಟ್ಟಿಕೊಂಡಿರೋದಿಲ್ಲ, ಸುಮ್ನೆ ಸಿಕ್ಕಿಕೊಂಡಿರುತ್ತವೆ. ಬಿಸಿ ಏರಿದ ಹಾಗೆ ಸರಪಳಿಗಳು ಅಲುಗಾಡಿ ಜಾಗ ಬಿಡುತ್ತವೆ, ಸಣ್ಣ ಅಣುಗಳು ಹೊರಗೆ ಹೊರಡುತ್ತವೆ. ಮೆಟೀರಿಯಲ್ ಸೈನ್ಸ್‌ನಲ್ಲಿ ಪರೀಕ್ಷೆಗೆ ಉರು ಹೊಡೆದ ಫಿಕ್‌ನ ನಿಯಮ ಇದೇ. ಡಿಫ್ಯೂಷನ್ ಉಷ್ಣಾಂಶದ ಜೊತೆ ನೇರ ಗೆರೆಯಲ್ಲಿ ಏರಲ್ಲ, ಘಾತೀಯವಾಗಿ ಏರುತ್ತೆ.

ಪಾಲಿಪ್ರೊಪಿಲೀನ್ ತಗೊಳ್ಳಿ. ಪಾರ್ಸೆಲ್ ಡಬ್ಬಿಗಳಲ್ಲಿ ಹೆಚ್ಚಿನವು ಅದರವೇ, ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುತ್ತೆ. ಅದು ಕರಗೋದು ಸುಮಾರು 160 ಡಿಗ್ರಿಗೆ, ಹಾಗಾಗಿ ಕುದಿಯೋ ಸಾರಿಗೂ ಆಕಾರ ಕೆಡಲ್ಲ. ಆದರೆ ಅದರ ಗ್ಲಾಸ್ ಟ್ರಾನ್ಸಿಷನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ. ಅಂದ್ರೆ ಸ್ಫಟಿಕವಲ್ಲದ ಭಾಗದಲ್ಲಿ ಸರಪಳಿಗಳು ನಮ್ಮ ರೂಮಿನ ಬಿಸಿಗೇ ಅಲುಗಾಡ್ತಾ ಇರುತ್ತವೆ. ಆಕಾರ ಉಳಿಯೋದು ಒಂದು ಪ್ರಶ್ನೆ, ಒಳಗಿನದ್ದು ಹೊರಗೆ ಬರೋದು ಬೇರೆಯೇ ಪ್ರಶ್ನೆ. ನೀರಿನ ಬಾಟಲಿಯ ಪೆಟ್‌ದು (ನಂಬರ್ 1) ಸುಮಾರು 75 ಡಿಗ್ರಿ, ಅದಕ್ಕೇ ಬಿಸಿನೀರು ಹಾಕಿದ ತಕ್ಷಣ ಬಾಟಲಿ ಮುದುಡಿಕೊಳ್ಳುತ್ತೆ. ಅಂದಹಾಗೆ ಈ ನಂಬರುಗಳನ್ನ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದದ್ದು ಮರುಬಳಕೆಗೆ ವಿಂಗಡಿಸೋಕೆ. ಊಟಕ್ಕೆ ಕೊಟ್ಟ ಮಾರ್ಕ್ಸ್ ಅಲ್ಲ ಅದು.

ಇನ್ನು ಎಣ್ಣೆ. ಮೈಕ್ರೋವೇವ್‌ನ 2.45 ಗಿಗಾಹರ್ಟ್ಸ್ ಅಲೆ ಡಬ್ಬಿಯನ್ನ ಅಷ್ಟಾಗಿ ಬಿಸಿ ಮಾಡಲ್ಲ, ಊಟವನ್ನ ಮಾಡುತ್ತೆ. ನೀರು 100 ಡಿಗ್ರಿ ಹತ್ತಿರ ನಿಂತುಬಿಡುತ್ತೆ. ಎಣ್ಣೆ, ಸಕ್ಕರೆ ಹೆಚ್ಚಿರೋ ಜಾಗ ಅದನ್ನೂ ದಾಟಬಹುದು. ಜೊತೆಗೆ ಪ್ಲಾಸ್ಟಿಕ್‌ನಲ್ಲಿರೋ ಈ ಸಣ್ಣ ಅಣುಗಳಲ್ಲಿ ಬಹಳಷ್ಟಕ್ಕೆ ನೀರಿಗಿಂತ ಕೊಬ್ಬಿನ ಮೇಲೇ ಪ್ರೀತಿ. ಹಳೇ ಡಬ್ಬಿ ಇದ್ರೆ ನೋಡಿ: ಒಗ್ಗರಣೆ ಎಣ್ಣೆ ತೇಲಿದ ಗೆರೆಯಲ್ಲೇ ಕೆಂಪು ಕಲೆ, ಮುಟ್ಟಿದ್ರೆ ಒರಟು. ಮೆಣಸಿನಕಾಯಿ ಬಣ್ಣ ಪ್ಲಾಸ್ಟಿಕ್ ಒಳಗೆ ಹೋಗೋಕೆ ದಾರಿ ಇದೆ ಅಂದ್ಮೇಲೆ ಅದೇ ದಾರಿ ಹೊರಗೂ ಬರುತ್ತಲ್ಲ!

ಎಷ್ಟು ಬಂದ್ರೆ ಅಪಾಯ? ಇಲ್ಲಿ ಜಗಳ ಇನ್ನೂ ಮುಗಿದಿಲ್ಲ. ನಮ್ಮ ದೇಶದಲ್ಲಿ ಒಂದು ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇದೆ. ಪಾಲಿಕಾರ್ಬೊನೇಟ್‌ನಲ್ಲಿ (ಇದು ನಂಬರ್ 7ರ ಗುಂಪು) ಬರೋ ಬಿಸ್ಫಿನಾಲ್ ಎ ವಿಷಯಕ್ಕೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 4 ಮೈಕ್ರೋಗ್ರಾಂ ಪರವಾಗಿಲ್ಲ ಅಂದಿತ್ತು. 2023ರಲ್ಲಿ ಅದನ್ನೇ 0.2 ನ್ಯಾನೋಗ್ರಾಂಗೆ ಇಳಿಸಿತು. ಲೆಕ್ಕ ಹಾಕಿ, 20,000 ಪಟ್ಟು ಕಡಿಮೆ! ಜರ್ಮನಿಯ ಸಂಸ್ಥೆ ಇದನ್ನ ಒಪ್ಪಲಿಲ್ಲ, ಅದೂ ನಿಜ. ಪಾಲಿಪ್ರೊಪಿಲೀನ್ ಡಬ್ಬಿ ಮೇಲೆ "ಬಿಪಿಎ ಇಲ್ಲ" ಅಂತ ಬರೆದಿದ್ರೆ ಮಾತ್ರ ಖುಷಿಪಡಬೇಡಿ. ಆ ಪ್ಲಾಸ್ಟಿಕ್ ಮಾಡೋಕೆ ಬಿಪಿಎ ಬೇಕಾಗೋದೇ ಇಲ್ಲ. ಕಡ್ಲೆಕಾಯಿ ಎಣ್ಣೆ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ಬರೆದ ಹಾಗೆ ಅದು.

ಅದೇ 2023ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದವರು ಮಕ್ಕಳ ಆಹಾರದ ಪ್ಲಾಸ್ಟಿಕ್ ಡಬ್ಬಿಗಳನ್ನ 3 ನಿಮಿಷ ಮೈಕ್ರೋವೇವ್ ಮಾಡಿ ನೋಡಿದ್ರು. ಕೆಲವು ಡಬ್ಬಿಗಳ ಒಂದೇ ಚದರ ಸೆಂಟಿಮೀಟರಿಂದ 40 ಲಕ್ಷಕ್ಕೂ ಹೆಚ್ಚು ಮೈಕ್ರೋ ಕಣ, 200 ಕೋಟಿಗೂ ಹೆಚ್ಚು ನ್ಯಾನೋ ಕಣ. ಇದು ಗರಿಷ್ಠ ಅಂಕಿ, ಸಂಖ್ಯೆ ದೊಡ್ಡದಾದ್ರೂ ತೂಕ ಬಹಳ ಕಡಿಮೆ. ಒಳಗೆ ಹೋಗಿ ಎಷ್ಟು ಕೆಡುಕು ಮಾಡುತ್ತೆ ಅನ್ನೋದು ಇನ್ನೂ ಅಧ್ಯಯನದಲ್ಲಿದೆ. ಹೆದರಿ ಒಂದು ದಿನ ಉಪವಾಸ ಕೂರೋ ವಿಷಯ ಅಲ್ಲ. ನಾಲ್ಕು ವರ್ಷ, ದಿನಕ್ಕೆರಡು ಸಲ ಅಂತ ಲೆಕ್ಕ ಹಾಕಿದ್ರೆ ನಿರ್ಲಕ್ಷ್ಯ ಮಾಡೋ ವಿಷಯವೂ ಅಲ್ಲ.

ತಪ್ಪಿಸಿಕೊಳ್ಳೋಕೆ ಬೇಕಾದ್ದು ಅಗ್ಗ. ಒಂದು ಫ್ಲೋರಿಗೆ ಎರಡು ಪಿಂಗಾಣಿ ಇಲ್ಲವೇ ಗಾಜಿನ ಬೌಲ್ ಇದ್ರೆ ಸಾಕು, ಊಟ ಅದಕ್ಕೆ ಸುರಿದು ಬಿಸಿ ಮಾಡಿ. "ಮೈಕ್ರೋವೇವ್ ಸೇಫ್" ಗುರುತಿನ ಡಬ್ಬಿಯೇ ಗತಿ ಅಂದ್ರೆ ಎಣ್ಣೆ ಕಡಿಮೆ ಇರೋದನ್ನ ಮಾತ್ರ, ಸ್ವಲ್ಪ ಹೊತ್ತು. ಐಸ್‌ಕ್ರೀಂ ಡಬ್ಬಿ ತಣ್ಣಗಿರೋದಕ್ಕೆ ಮಾಡಿದ್ದು, ಬಿಸಿಗೆ ಬೇಡ. ಗೀರು ಬಿದ್ದ ಡಬ್ಬಿಗಳಲ್ಲಿ ರೆಸಿಸ್ಟರ್, ಸ್ಕ್ರೂ ತುಂಬಿಸಿಡಿ. ಸಾಂಬಾರಿಗೆ ಹೋಗುವಾಗ ಮನೆಯಿಂದ ತಂದ ಸ್ಟೀಲ್ ಡಬ್ಬಿ ಹಿಡ್ಕೊಂಡು ಹೋಗಿ, ಹೋಟೆಲಿನವರಿಗೂ ಕವರ್ ಉಳಿಯುತ್ತೆ. ಆ ಸ್ಟೀಲ್ ಡಬ್ಬಿಯನ್ನ ಮಾತ್ರ ಮೈಕ್ರೋವೇವ್ ಒಳಗೆ ಇಡಬೇಡಿ, ಕಿಡಿ ಹಾರುತ್ತೆ. ಬಕೆಟ್ಟಿನ ಬಿಸಿನೀರಲ್ಲಿ ಹತ್ತು ನಿಮಿಷ ಕೂರಿಸಿದ್ರೆ ಸಾಂಬಾರ್ ಉಣ್ಣೋ ಹದಕ್ಕೆ ಬರುತ್ತೆ.