ಗೋವೆಯ ಬಿಡುಗಡೆ ಮತ್ತು ಮುಂಬಯಿ: ಪರರಾಷ್ಟ್ರ ನೀತಿಯಲ್ಲಿ ವಲಸೆಗಾರರ ಪಾತ್ರ

ಒಂದು ದೇಶದ ಪರರಾಷ್ಟ್ರ ನೀತಿಯೆಂದರೆ ಅದರ ಪ್ರಧಾನಮಂತ್ರಿಯೂ ರಾಯಭಾರಿಗಳೂ ಕೂಡಿ ರೂಪಿಸುವ ವ್ಯವಹಾರವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಒಪ್ಪಂದಗಳಿಗೆ ಸಹಿ ಹಾಕುವವರು ಅವರೇ. ಸಂಧಿವಿಗ್ರಹಗಳನ್ನು ಸಾರುವವರೂ ಅವರೇ. ಆದರೆ ಸಹಿ ಬೀಳುವುದಕ್ಕೆ ಎಷ್ಟೋ ವರ್ಷ ಮೊದಲು ಪ್ರಶ್ನೆಯನ್ನು ಸರ್ಕಾರದ ಮುಂದೆ ತಂದಿಟ್ಟು, ಅದು ಮರೆತುಹೋಗದಂತೆ ಕಾಯ್ದುಕೊಂಡು ಬಂದವರು ಅನೇಕ ವೇಳೆ ಬೇರೆಯವರಾಗಿರುತ್ತಾರೆ: ಅಧಿಕಾರವಿಲ್ಲದ ಸಂಘಗಳು, ಚಿಕ್ಕ ಪತ್ರಿಕೆಗಳು, ಊರು ಬಿಟ್ಟು ಬಂದು ನೆಲೆಸಿದ ಜನ. ಇವರ ಶಕ್ತಿಯೆಷ್ಟು, ಅದರ ಮಿತಿಯೇನು ಎಂಬುದನ್ನು ಅರಿಯಲು ಮುಂಬಯಿಯ ನಿವಾಸಿಗಳು ದೂರ ಹೋಗಬೇಕಾಗಿಲ್ಲ. ಧೋಬಿ ತಲಾವಿನ ಗಲ್ಲಿಗಳಲ್ಲಿಯೇ ಅದಕ್ಕೊಂದು ನಿದರ್ಶನವುಂಟು.

ಪೋರ್ತುಗೀಜರ ಆಳ್ವಿಕೆಯ ಗೋವೆಯಲ್ಲಿ ಜೀವನೋಪಾಯ ಕಾಣದ ಸಾವಿರಾರು ಜನ ಹಡಗಿನ ಕೆಲಸ, ಅಡಿಗೆ, ವಾದ್ಯವಾದನ, ಗುಮಾಸ್ತಗಿರಿಗಳನ್ನು ಅರಸಿ ಮುಂಬಯಿಗೆ ಬಂದರು. ಒಂದೊಂದು ಹಳ್ಳಿಯವರು ಇಲ್ಲಿ ತಮ್ಮದೇ ಒಂದು 'ಕೂಡ್' ಕಟ್ಟಿಕೊಂಡರು. ಹಡಗಿನಿಂದಿಳಿದ ನಾವಿಕನು ಮುಂದಿನ ಹಡಗು ದೊರೆಯುವತನಕ ತನ್ನ ಊರಿನವರೊಡನೆ ತಂಗುವ ಮನೆ ಅದು. ಜೇರ್ ಮಹಲಿನಂತಹ ಕಟ್ಟಡಗಳಲ್ಲಿ ಇಂತಹ ಕೂಡುಗಳು ಬೆಳೆದವು. ಊರಿನ ಸುದ್ದಿ ಇಲ್ಲಿಗೆ ಬರುತ್ತಿತ್ತು. ಇಲ್ಲಿನ ಹಣ ಊರಿಗೆ ಹೋಗುತ್ತಿತ್ತು. ಸಲಜಾರನ ಆಡಳಿತದಲ್ಲಿ ಪಣಜಿಯಲ್ಲಿ ಸಭೆ ಸೇರುವಂತಿರಲಿಲ್ಲ, ಮನಬಂದಂತೆ ಅಚ್ಚು ಹಾಕಿಸುವಂತಿರಲಿಲ್ಲ. ಹೀಗಾಗಿ ಗೋವೆಯಲ್ಲಿ ಆಡಲಾಗದ ಮಾತನ್ನು ಆಡುವ ಸ್ಥಳ ಮುಂಬಯಿಯಾಯಿತು.

ಈ ಮಾತನ್ನು ಮೊದಲು ವ್ಯವಸ್ಥಿತಗೊಳಿಸಿದವರು ತ್ರಿಸ್ತಾಂವ್ ದ ಬ್ರಗಾಂಸ ಕುನ್ಯ. ಅವರು 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿಯನ್ನು ಸ್ಥಾಪಿಸಿದರು. 1934ರಲ್ಲಿ ಭಾರತೀಯ ಕಾಂಗ್ರೆಸ್ ಈ ಸಮಿತಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಗೋವೆ ಪರರಾಜ್ಯವೆಂಬುದೇ ಕಾರಣ. ಅಂದರೆ ಗೋವೆಯ ಪ್ರಶ್ನೆ ಭಾರತದ್ದೇ ಎಂದು ಮೊದಲು ಒಪ್ಪಿಸಬೇಕಾಗಿದ್ದುದು ಸ್ವಂತ ಮನೆಯವರನ್ನೇ. 1946ರಲ್ಲಿ ಮುಂಬಯಿಯ ವೈದ್ಯ ಜುಲಿಯಾಂವ್ ಮಿನೇಜಿಸ್ ಅವರು ಬರ್ಲಿನ್ನಿನ ಸಹಪಾಠಿ ರಾಮಮನೋಹರ ಲೋಹಿಯಾ ಅವರನ್ನು ವಿಶ್ರಾಂತಿಗೆಂದು ತಮ್ಮ ಊರಾದ ಅಸೊಳ್ಣೆಗೆ ಕರೆದೊಯ್ದರು. ವಿಶ್ರಾಂತಿಯ ಬದಲು ಜೂನ್ 18ರಂದು ಮಡಗಾಂವಿನಲ್ಲಿ ಸತ್ಯಾಗ್ರಹ ನಡೆಯಿತು. ಅದೇ ವರ್ಷ ಸೆರೆಸಿಕ್ಕಿ ಪೋರ್ತುಗಾಲಿಗೆ ಗಡಿಪಾರಾದ ಕುನ್ಯ ಅವರು 1953ರಲ್ಲಿ ತಪ್ಪಿಸಿಕೊಂಡು ಮುಂಬಯಿಗೆ ಬಂದು 'ಫ್ರೀ ಗೋವಾ' ಪತ್ರಿಕೆಯನ್ನು ಹೊರಡಿಸಿದರು.

ಖಾಸಗಿ ಜನರ ಕೃತ್ಯ ಹೇಗೆ ಅಂತರರಾಷ್ಟ್ರೀಯ ವ್ಯಾಜ್ಯವಾಗುತ್ತದೆಂಬುದಕ್ಕೆ ದಾದ್ರಾ ಮತ್ತು ನಗರಹವೇಲಿ ಸ್ಪಷ್ಟ ಉದಾಹರಣೆ. 1954ರ ಜುಲೈ 22ರ ರಾತ್ರಿ ಫ್ರಾನ್ಸಿಸ್ ಮಸ್ಕರೇನ್ಹಸ್ ಅವರ ಸಂಯುಕ್ತ ರಂಗದವರು ದಾದ್ರಾದ ಪೊಲೀಸ್ ಠಾಣೆಯನ್ನು ಹಿಡಿದರು. ಆಜಾದ್ ಗೋಮಂತಕ ದಳ ಮೊದಲಾದವು ಮುಂದುವರಿದು ಆಗಸ್ಟ್ 2ರಂದು ಸಿಲ್ವಾಸಾ ಬಿಡುಗಡೆಯಾಯಿತು. ಭಾರತದ ಸೈನ್ಯ ಅಲ್ಲಿ ಕಾಲಿಡಲಿಲ್ಲ. ಆದರೆ ಪೋರ್ತುಗೀಜ ಪಡೆಗಳು ಭಾರತದ ನೆಲವನ್ನು ದಾಟಿ ಬರದಂತೆ ಸರ್ಕಾರ ತಡೆಯಿತು. ಪೋರ್ತುಗಾಲ್ 1955ರಲ್ಲಿ ಹೇಗ್ ನಗರದ ನ್ಯಾಯಾಲಯದ ಮೊರೆಹೊಕ್ಕಿತು. 1960ರ ಏಪ್ರಿಲ್ 12ರ ತೀರ್ಪು ಜನರ, ಅಧಿಕಾರಿಗಳ ಮತ್ತು ಸರಕಿನ ಸಂಚಾರದ ಹಕ್ಕನ್ನು ಒಪ್ಪಿತಾದರೂ ಶಸ್ತ್ರಪಡೆಗಳಿಗೆ ಅಂತಹ ಹಕ್ಕಿಲ್ಲವೆಂದಿತು. ಏಳು ವರ್ಷ ತಾನೇ ಆಡಳಿತ ನಡೆಸಿಕೊಂಡ ಆ ಪ್ರದೇಶ 1961ರಲ್ಲಿ ಭಾರತವನ್ನು ಸೇರುವಾಗ, ಒಪ್ಪಂದಕ್ಕೆ ಸಹಿ ಹಾಕುವುದಕ್ಕೆಂದೇ ಬದ್ಲಾನಿ ಎಂಬ ಅಧಿಕಾರಿಯನ್ನು ಒಂದು ದಿನದ ಮಟ್ಟಿಗೆ ಅಲ್ಲಿನ ಪ್ರಧಾನಮಂತ್ರಿಯನ್ನಾಗಿ ಮಾಡಬೇಕಾಯಿತು!

ಕನ್ನಡ ನಾಡೂ ಈ ಕಥೆಯ ಹೊರಗಿರಲಿಲ್ಲ. ಬೆಳಗಾವಿ ಸತ್ಯಾಗ್ರಹಿಗಳ ತಳಹದಿಯಾಯಿತು. ನರಗುಂದದ ಜಗನ್ನಾಥರಾವ್ ಜೋಶಿಯವರು ಗೋವೆಯ ಸೆರೆಮನೆಯನ್ನು ಕಂಡರು. 1955ರ ಆಗಸ್ಟ್ 15ರಂದು ನಿರಾಯುಧರ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಸರ್ಕಾರ ಪೋರ್ತುಗಾಲಿನೊಡನೆ ರಾಯಭಾರ ಸಂಬಂಧವನ್ನು ಕಡಿದು, ರೈಲುಸಂಚಾರವನ್ನು ನಿಲ್ಲಿಸಿ, ಆರ್ಥಿಕ ದಿಗ್ಬಂಧನ ಹೇರಿತು. ಅದರೊಡನೆಯೇ ಸಾಮೂಹಿಕ ಸತ್ಯಾಗ್ರಹವನ್ನೂ ತಡೆಯಿತು. ಬಲಪ್ರಯೋಗ ಒಲ್ಲೆನೆಂಬ ಭಾರತದ ಮಾತಿಗೆ ಜಗತ್ತಿನಲ್ಲಿದ್ದ ಬೆಲೆಯನ್ನು ನೆಹರೂ ಕಳೆದುಕೊಳ್ಳಲೊಲ್ಲರು. ದಿಗ್ಬಂಧನದ ಭಾರ ಬಿದ್ದುದು ಮಾತ್ರ ಸಲಜಾರನ ಮೇಲಲ್ಲ. ಊರಿಗೆ ಹಣ ಕಳಿಸುವ ನಾವಿಕ, ತಾಯಿಯ ಕೊನೆಗಾಲಕ್ಕೆ ಹೋಗಲು ಪರವಾನಗಿ ಬೇಡಬೇಕಾದ ಗುಮಾಸ್ತ, ಇವರ ಮೇಲೆ. ವಲಸೆಗಾರರು ಕೇಳಿದ ಕಠಿಣ ನೀತಿಯ ಬೆಲೆಯನ್ನು ವಲಸೆಗಾರರೇ ತೆತ್ತರು. ಅವರಲ್ಲಿ ಎಲ್ಲರೂ ಏಕಮತದವರಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ಸತ್ಯಾಗ್ರಹ ನಿಂತ ಮೇಲೆ ಪ್ರಶ್ನೆಯನ್ನು ಜೀವಂತವಾಗಿಟ್ಟುದು ಒಂದು ಧ್ವನಿ. 1955ರ ನವೆಂಬರ್ 25ರಿಂದ ವಾಮನ ಸರದೇಸಾಯಿ ಮತ್ತು ಮುಂಬಯಿಯಿಂದ ಹೋದ ಲಿಬಿಯಾ ಲೋಬೋ ಅವರು ಮೊದಲು ಆಂಬೋಲಿಯ, ಅನಂತರ ಕ್ಯಾಸಲ್ ರಾಕ್‌ನ ಕಾಡಿನಿಂದ ಕೊಂಕಣಿಯಲ್ಲಿಯೂ ಪೋರ್ತುಗೀಜಿನಲ್ಲಿಯೂ ಗುಪ್ತ ಬಾನುಲಿಯನ್ನು ನಡೆಸಿದರು. ಮತ್ತೊಂದೆಡೆ ಆಫ್ರಿಕಾದ ಹೋರಾಟಗಾರರೊಡನೆ ಸಂಬಂಧ ಬೆಳೆಯಿತು. 1961ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಅವರು, ಭಾರತದ ಹಿಂಜರಿಕೆಯಿಂದ ಅಂಗೋಲ, ಮೊಜಾಂಬಿಕ್‌ಗಳ ಬಿಡುಗಡೆಯೂ ತಡವಾಗುತ್ತಿದೆಯೆಂದು ವಾದಿಸಿದರು. ತಾಳ್ಮೆಯೇ ಭಾರತದ ಕೀರ್ತಿಯೆಂಬ ನಂಬಿಕೆಗೆ ಇದು ನೇರವಾದ ಪೆಟ್ಟು. ನವೆಂಬರಿನಲ್ಲಿ ಕಾರವಾರದೆದುರಿನ ಅಂಜುದೀವದಿಂದ 'ಸಾಬರಮತಿ' ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು. ಡಿಸೆಂಬರ್ 19ರ ಹೊತ್ತಿಗೆ ಗೋವೆ ಸ್ವತಂತ್ರವಾಗಿತ್ತು.

ಗೋವೆಯನ್ನು ಬಿಡಿಸಿದುದು ಸೈನ್ಯ. ಸೈನ್ಯಕ್ಕೆ ಆಜ್ಞೆಯಿತ್ತುದು ಸರ್ಕಾರ. ವಲಸೆಗಾರರು ಮಾಡಿದುದು ಇಷ್ಟು: ಗೋವೆ ಪೋರ್ತುಗಾಲಿನ ಒಳವಿಷಯವಲ್ಲವೆಂದು ಸಾಧಿಸಿದರು, ಸರ್ಕಾರ ಸುಮ್ಮನಿರುವುದನ್ನು ಕಷ್ಟವಾಗಿಸಿದರು. ಕಾಲವನ್ನೂ ಸಾಧನವನ್ನೂ ಆರಿಸುವ ಅಧಿಕಾರ ಅವರಿಗೆ ಎಂದೂ ಬರಲಿಲ್ಲ. ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಬೇಡವೇ ಎಂದು 1967ರ ಜನವರಿ 16ರಂದು ಜನಮತ ಕೇಳಿದಾಗ ಮತವಿದ್ದುದು ಅಲ್ಲಿನ ಮತದಾರರ ಪಟ್ಟಿಯಲ್ಲಿದ್ದವರಿಗೆ. ಗೋವೆಗಾಗಿ ದಶಕಗಳ ಕಾಲ ಮಾತಾಡಿದ ಧೋಬಿ ತಲಾವಿನವರು ಆ ದಿನ ಫಲಿತಾಂಶವನ್ನು ಕಾಯುತ್ತ ಮುಂಬಯಿಯಲ್ಲಿಯೇ ಉಳಿದರು. ಊರಿಗಾಗಿ ಮಾತಾಡುವ ಹಕ್ಕು ದೂರದಲ್ಲಿರುವವನಿಗೂ ಉಂಟು. ಆದರೆ ನಿರ್ಣಯ ಅಲ್ಲಿ ಬಾಳುವವರದು. ಹೊರನಾಡಿನಲ್ಲಿ ನೆಲೆಸಿದ ಯಾವ ಸಮಾಜವೂ ಈ ಎರಡನ್ನೂ ಒಟ್ಟಿಗೆ ನೆನಪಿಡುವುದು ಒಳಿತು.