ದಿಂಬಂ ಘಾಟಿಯಲ್ಲಿ ಕಾದ ಗೇರ್ ಬಾಕ್ಸ್

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆ. ವಾಹನ ದುರಸ್ತಿ ನನ್ನ ವೃತ್ತಿ. ಬಣ್ಣಾರಿಯಿಂದ ಘಾಟಿ ಹತ್ತಿ ತಾಳವಾಡಿಯ ಕಡೆಗೆ ಬರುವ ಹಳೆಯ ವಿದ್ಯಾರ್ಥಿ ಮಿತ್ರರಿಗೆ ಪ್ರಯೋಜನವಾಗಬಹುದಾದ ಒಂದು ವಿಷಯವನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

2019ರ ಬೇಸಿಗೆಯಲ್ಲಿ ಶಾಲೆಗೆಂದು ಕಬ್ಬಿಣದ ಡೆಸ್ಕುಗಳನ್ನು ಟ್ರೇಲರಿಗೆ ಹೇರಿ, ಆಟೋಮ್ಯಾಟಿಕ್ ಗೇರಿನ ನನ್ನ ವಾಹನಕ್ಕೆ ಕಟ್ಟಿ ತರುತ್ತಿದ್ದೆ. ಇಪ್ಪತ್ತೇಳು ತಿರುವುಗಳಲ್ಲಿ ಅರ್ಧದಷ್ಟು ದಾಟುವ ಹೊತ್ತಿಗೆ ಮುಂದೊಂದು ಲಾರಿ ಕೆಟ್ಟು ನಿಂತಿತು. ಮುಕ್ಕಾಲು ಗಂಟೆ ಏರಿನಲ್ಲೇ ಆಕ್ಸಿಲರೇಟರ್ ಒತ್ತಿ ವಾಹನವನ್ನು ಹಿಡಿದು ನಿಲ್ಲಿಸುತ್ತಾ, ಇಂಚಿಂಚಾಗಿ ಸರಿದೆ. ಪರರಿಗೆ ಬುದ್ಧಿ ಹೇಳುವವನು ಮಾಡಬಾರದ ತಪ್ಪು! ಕೆಂಪು ದೀಪ ಹೊತ್ತಿತು. ಸುಟ್ಟ ಎಣ್ಣೆಯ ವಾಸನೆ ಬಂದಿತು. ಗಾಬರಿಯಿಂದ ಎಂಜಿನ್ ಆರಿಸಿಬಿಟ್ಟೆ. ಅದು ಎರಡನೆಯ ತಪ್ಪು.

ಕಾರಣವಿಷ್ಟು. ಇಂತಹ ಬಹುತೇಕ ವಾಹನಗಳಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದರ ಗಾಳಿಗೆ ಇನ್ನೊಂದು ತಿರುಗುವಂತೆ, ಇಲ್ಲಿ ಎಣ್ಣೆಯ ರಭಸದಿಂದಲೇ ಶಕ್ತಿ ದಾಟುತ್ತದೆ. ಭಾರ ಹೆಚ್ಚಿ ವೇಗ ತಗ್ಗಿದಾಗ ಎರಡೂ ಪಕ್ಕಗಳ ಸುತ್ತುಗಳಲ್ಲಿ ಅಂತರ ಬೆಳೆದು, ವ್ಯರ್ಥವಾದ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುತ್ತದೆ. ಬಯಲಿನಲ್ಲಿ ವೇಗ ಬಂದೊಡನೆ ಒಳಗಿನ ಲಾಕ್-ಅಪ್ ಕ್ಲಚ್ ಎರಡನ್ನೂ ಬಿಗಿದುಬಿಡುತ್ತದೆ. ದಿಂಬಂ ತಿರುವುಗಳಲ್ಲಿ ಅಷ್ಟು ವೇಗವೆಲ್ಲಿಯದು? ಸುಮಾರು 80ರಿಂದ 95 ಡಿಗ್ರಿಯಲ್ಲಿ ನೆಮ್ಮದಿಯಾಗಿರುವ ಎಣ್ಣೆ 120 ದಾಟಿದರೆ ಬೇಗನೆ ಕೆಡತೊಡಗುತ್ತದೆ. ಸೀಲುಗಳು ಗಡುಸಾಗುತ್ತವೆ, ಕ್ಲಚ್ ಪ್ಲೇಟುಗಳು ಜಾರುತ್ತವೆ, ಜಾರಿದಷ್ಟೂ ಕಾವು ಏರುತ್ತದೆ.

ಆದ್ದರಿಂದ ಏರು ಆರಂಭವಾಗುವ ಮೊದಲೇ ಗೇರನ್ನು ಒಂದು ಅಥವಾ ಎರಡಕ್ಕೆ ಕೈಯಾರೆ ಕಟ್ಟಬೇಕು. ಎಂಜಿನ್ ಗದ್ದಲ ಮಾಡಿದರೆ ಮಾಡಲಿ. ಕನ್ವರ್ಟರಿನ ಹೊರೆ ಇಳಿಯುತ್ತದೆ. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕಿನಿಂದಲೇ ನಿಲ್ಲಿಸಬೇಕು. ಕಾವು ಏರಿದಾಗ ಅಗಲವಾದ ಜಾಗ ನೋಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಬಿಡಬೇಕು. ಎಣ್ಣೆಯನ್ನು ಕೂಲರಿಗೆ ತಳ್ಳುವ ಪಂಪು ತಿರುಗುವುದು ಎಂಜಿನ್ನಿನಿಂದಲೇ. ಆರಿಸಿದರೆ ಕಾದ ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಆದರೆ ಇದು ಹುಲಿ ಸಂರಕ್ಷಿತ ಅರಣ್ಯ. ಆನೆಗಳು ಓಡಾಡುವ ದಾರಿ. ಕಲ್ಲು ಹುಡುಕುವ ನೆಪದಲ್ಲಿ ಕಾಡಿನತ್ತ ಹೋಗದೆ, ಮರದ ತುಂಡೊಂದನ್ನು ವಾಹನದಲ್ಲೇ ಇಟ್ಟುಕೊಂಡಿರುವುದು ಲೇಸು. 2022ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಹಾಕಿದ ಮೇಲಂತೂ ಬೆಳಗಿನ ತಂಪಿನಲ್ಲಿ ಹತ್ತುವುದೇ ಉಚಿತ.

ರೇಡಿಯೇಟರಿನೊಳಗಿನ ಕೂಲರ್ ಮಾತ್ರವಿದ್ದರೆ, ಅಲ್ಲಿಯ ನೀರೇ 90 ಡಿಗ್ರಿಯ ಹತ್ತಿರವಿರುವುದರಿಂದ, ಎಣ್ಣೆ ಅದಕ್ಕಿಂತ ತಣ್ಣಗಾಗದು. ಪದೇ ಪದೇ ಭಾರ ಎಳೆಯುವವರು ಗಾಳಿಗೆ ತಣಿಯುವ ಪ್ರತ್ಯೇಕ ಕೂಲರನ್ನು ಮುಂದೆ ಹಾಕಿಸಿಕೊಳ್ಳಬೇಕು; ಎಣ್ಣೆಯನ್ನೂ ಬೇಗ ಬದಲಿಸಬೇಕು. ಎರಡು ಕ್ಲಚ್ಚಿನ ಹೊಸ ಗೇರ್ ಬಾಕ್ಸುಗಳಲ್ಲಿ ಕನ್ವರ್ಟರ್ ಇಲ್ಲ. ಅಲ್ಲಿ ನೇರವಾಗಿ ಸುಡುವುದು ಕ್ಲಚ್ಚೇ.

ನನ್ನ ಗೇರ್ ಬಾಕ್ಸನ್ನು ಬಿಚ್ಚಿದಾಗ ಕೆಂಪಗಿರಬೇಕಾದ ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಡೆಸ್ಕುಗಳು ಮಾತ್ರ ಮರುದಿನ, ಕೋಸು ಇಳಿಸಿ ಬರಿದಾಗಿ ಮರಳುತ್ತಿದ್ದ ಊರಿನವರ ಲಾರಿಯಲ್ಲಿ ಶಾಲೆಗೆ ತಲುಪಿದವು.